ಎಎಫ್‌ಒ (ಪಾದ, ಕಣಕಾಲನ್ನು ಹಿಡಿದಿಡುವ ಪ್ಲಾಸ್ಟಿಕ್ ಆಸರೆ) ಹಾಕಿದರೆ ಹಿಮ್ಮಡಿ ಕೆಂಪಾಗುತ್ತಿದೆ, ಮನೆಯಲ್ಲಿ ಯಾವ ವ್ಯಾಯಾಮ ಮಾಡಿಸಬೇಕು?

ಪುಟ್ಟಿಯ ಅಮ್ಮ:
ಮಗಳಿಗೆ ನಾಲ್ಕು ವರ್ಷ. ಸ್ಪಾಸ್ಟಿಕ್ ಡೈಪ್ಲೀಜಿಯಾ (ಮುಖ್ಯವಾಗಿ ಎರಡೂ ಕಾಲು ಬಿಗಿಯಾಗುವ ಸೆರೆಬ್ರಲ್ ಪಾಲ್ಸಿ), ಜಿಎಂಎಫ್‌ಸಿಎಸ್ 3 (ಚಲನೆಯ ಸಾಮರ್ಥ್ಯದ ಐದು ಹಂತಗಳಲ್ಲಿ ಮೂರನೆಯದು). ನೆಲದ ಮೇಲೆ ತಾನೇ ಕೂರುತ್ತಾಳೆ, ಮಂಚ ಹಿಡಿದು ಏಳುತ್ತಾಳೆ, ನಿಂತರೆ ತುದಿಗಾಲು. ಮಂಡಿ ಮಡಚಿದಾಗ ಪಾದ 90 ಡಿಗ್ರಿ ದಾಟಿ ಇನ್ನೂ 10 ಡಿಗ್ರಿ ಮೇಲೆ ಬರುತ್ತದೆ, ಮಂಡಿ ನೇರ ಮಾಡಿದರೆ 90ಕ್ಕೇ ನಿಂತುಬಿಡುತ್ತದೆ. ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ಆರಂಭಿಕ ಚಿಕಿತ್ಸಾ ಕೇಂದ್ರ) ಹದಿನೈದು ದಿನಕ್ಕೊಮ್ಮೆ ಹೋಗುತ್ತೇವೆ. ಮೂರು ವಾರದ ಹಿಂದೆ ಸಾಲಿಡ್ (ಕಣಕಾಲು ಬಗ್ಗದಂಥ) ಎಎಫ್‌ಒ ಬಂತು. ಬಿಚ್ಚಿದ ಮೇಲೆ ಹಿಮ್ಮಡಿಯ ಹಿಂಭಾಗ ಒಂದು ಗಂಟೆಯಾದರೂ ಕೆಂಪಗೇ ಇರುತ್ತದೆ. ಒಳಗೆ ಹತ್ತಿ ಇಡಬಹುದಾ? ಉಳಿದ ದಿನ ಮನೆಯಲ್ಲಿ ಏನು ಮಾಡಿಸಲಿ? ಅತ್ತೆಯವರು ದಿನಾ ಎಣ್ಣೆ ತಿಕ್ಕುತ್ತಾರೆ, ಮುಂದುವರಿಸಬಹುದಾ?

ಆರ್ಥೋಟಿಸ್ಟ್ (ಎಎಫ್‌ಒದಂಥ ಆಸರೆ ಮಾಡಿಕೊಡುವವರು):
ಹತ್ತಿ ಖಂಡಿತ ಬೇಡ ಮೇಡಂ. ಹಿಮ್ಮಡಿ ಇನ್ನಷ್ಟು ಮೇಲಕ್ಕೆ ಬರುತ್ತದೆ, ಉಜ್ಜುವುದು ಹೆಚ್ಚುತ್ತದೆ. ಹಿಂಭಾಗ ಕೆಂಪಾಗುತ್ತಿದೆ ಎಂದರೆ ಹಿಮ್ಮಡಿ ತಳಕ್ಕೆ ಕೂತಿಲ್ಲ, ಹೆಜ್ಜೆ ಹೆಜ್ಜೆಗೂ ಮೇಲೆ ಕೆಳಗೆ ಜಾರುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಪರೀಕ್ಷೆ ಸುಲಭ: ಎಎಫ್‌ಒ ಒಳಗೆ ಹಿಮ್ಮಡಿ ಕೂರುವ ಜಾಗಕ್ಕೆ ಚಿಟಿಕೆ ಪೌಡರ್ ಹಾಕಿ, ಕಪ್ಪು ಕಾಲುಚೀಲ ತೊಡಿಸಿ, ಕಟ್ಟಿ ಐದು ನಿಮಿಷ ನಿಲ್ಲಿಸಿ. ಬಿಚ್ಚಿದಾಗ ಕಾಲುಚೀಲದ ಹಿಮ್ಮಡಿ ತಳ ಬೆಳ್ಳಗಾಗದಿದ್ದರೆ ಅಲ್ಲಿ ಪಾದ ತಾಗಿಯೇ ಇಲ್ಲ.

ಮಗುವನ್ನು ಮಲಗಿಸಿ, ಕಾಲು ಚಾಚಿಸಿ ಹಾಕುವುದೇ ಸಾಮಾನ್ಯವಾಗಿ ಆಗುವ ತಪ್ಪು. ಮೀನಖಂಡದ ಸ್ನಾಯು ಮಂಡಿಯನ್ನೂ ದಾಟಿ ಹೋಗುತ್ತದೆ, ಮಂಡಿ ನೇರವಿದ್ದರೆ ಹಿಮ್ಮಡಿಯನ್ನು ಎಳೆದು ಹಿಡಿಯುತ್ತದೆ. ಸ್ಟೂಲ್ ಮೇಲೆ ಕೂರಿಸಿ, ಮಂಡಿಯನ್ನು 90 ಡಿಗ್ರಿಗಿಂತ ಹೆಚ್ಚು ಮಡಚಿ, ಹಿಮ್ಮಡಿಯನ್ನು ಹಿಂದಕ್ಕೂ ಕೆಳಕ್ಕೂ ಒತ್ತಿ, ಮೊದಲು ಪಾದದ ಕೀಲಿನ ಪಟ್ಟಿ ಬಿಗಿಯಿರಿ. ಮೀನಖಂಡದ ಪಟ್ಟಿ ಕೊನೆಗೆ. ಕಾಲುಚೀಲ ಹತ್ತಿಯದು, ಎಎಫ್‌ಒಗಿಂತ ಉದ್ದ, ಒಂದು ಸುಕ್ಕೂ ಇರಬಾರದು. ಮೇಲೆ ಬೂಟು ಬೇಕೇ ಬೇಕು, ಒಳಗಿನ ಮೆತ್ತೆ ತೆಗೆದರೆ ಜಾಗವಾಗುತ್ತದೆ. ಬರೀ ಪ್ಲಾಸ್ಟಿಕ್ ಟೈಲ್ಸ್ ಮೇಲೆ ಜಾರುತ್ತದೆ.

ಹೊಸದಕ್ಕೆ ಮೊದಲ ದಿನ ಅರ್ಧ ಗಂಟೆ, ಎರಡು ಸಲ. ಕೆಂಪು 20–30 ನಿಮಿಷದಲ್ಲಿ ಮಾಯವಾದರೆ ಮಾತ್ರ ದಿನಕ್ಕೊಂದಿಷ್ಟು ಹೊತ್ತು ಹೆಚ್ಚಿಸಿ. ನಿಮ್ಮದು ಒಂದು ಗಂಟೆ ನಿಲ್ಲುತ್ತಿರುವುದರಿಂದ ಸದ್ಯ ನಿಲ್ಲಿಸಿ, ಮಾಡಿಕೊಟ್ಟವರ ಬಳಿ ಒಯ್ಯಿರಿ. ಒಲೆ ಮೇಲೆ ಬಿಸಿ ಮಾಡಿ ಬಗ್ಗಿಸಲು ಹೋಗಬೇಡಿ, ಅಚ್ಚೇ ಕೆಡುತ್ತದೆ.

ಇನ್ನೊಂದು ಮುಖ್ಯ ವಿಷಯ ನೀವೇ ಬರೆದಿದ್ದೀರಿ. ಮಂಡಿ ನೇರವಿದ್ದಾಗ ಪಾದ 90ಕ್ಕೇ ನಿಲ್ಲುತ್ತದೆ. ಎಎಫ್‌ಒ ಕೋನವೂ 90 ಇದ್ದರೆ ಸ್ನಾಯುವಿಗೆ ಚೂರೂ ಸಡಿಲವಿಲ್ಲ, ಬಿಗಿತ ಏರಿದ ತಕ್ಷಣ ಹಿಮ್ಮಡಿ ಏಳುತ್ತದೆ. ಪಾದ ತುಸು ಕೆಳಮುಖವಾಗಿರುವಂತೆ ಕೋನ ಇಟ್ಟು, ಬೂಟಿನ ಹಿಮ್ಮಡಿಗೆ ಬೆಣೆ ಕೊಡಬಹುದೇ ಎಂದು ಕೇಳಿ.

ಮಕ್ಕಳ ಫಿಸಿಯೋ:
ಮೇಲಿನದಕ್ಕೆ ನನ್ನ ಪೂರ್ಣ ಸಹಮತ. ಎಣ್ಣೆ ತಿಕ್ಕುವುದರಿಂದ ಮಗುವಿಗೆ ಹಿತ, ಅಜ್ಜಿಗೂ ಸಮಾಧಾನ, ಮುಂದುವರಿಸಲಿ. ಆದರೆ ಅದರಿಂದ ಸ್ನಾಯು ಉದ್ದವಾಗದು. ತಿಕ್ಕಿದ ಕೂಡಲೇ ಎಎಫ್‌ಒ ಹಾಕಬೇಡಿ, ಮೊದಲು ತೊಳೆದು ಒರೆಸಿ. ಕಾಲುಗಳನ್ನು ಬಲವಂತವಾಗಿ ಅಗಲಿಸುವುದು ಬೇಡ.

ಮೀನಖಂಡ ಎಳೆಯುವಾಗ ಬೆರಳ ಬುಡ ಹಿಡಿದು ಒತ್ತಿದರೆ ಪಾದ ನಡುಭಾಗದಲ್ಲೇ ಬಗ್ಗುತ್ತದೆ, ಹಿಮ್ಮಡಿ ಇದ್ದಲ್ಲೇ ಇರುತ್ತದೆ. ಹಿಮ್ಮಡಿಯನ್ನು ಅಂಗೈಯಲ್ಲಿ ಬಟ್ಟಲಂತೆ ಹಿಡಿದು ಕೆಳಕ್ಕೆ ಎಳೆಯಿರಿ, ಪಾದದಡಿ ನಿಮ್ಮ ಮುಂಗೈ ಆನಿಸಿ, ಮಂಡಿ ನೇರ. 30 ಸೆಕೆಂಡು, ನಾಲ್ಕೈದು ಸಲ. ಅಷ್ಟು ಸಾಕು. ಐದು ನಿಮಿಷದ ಎಳೆತ ದಿನವಿಡೀ ಇರುವ ಬಿಗಿತವನ್ನು ಗೆಲ್ಲುವುದಿಲ್ಲ. ಸರಿಯಾದ ಎಎಫ್‌ಒ ಗಂಟೆಗಟ್ಟಲೆ ಇದ್ದರೆ ಅದರ ಲೆಕ್ಕವೇ ಬೇರೆ.

ಸಮಯವಿದ್ದರೆ ಬಲ ತುಂಬುವುದಕ್ಕೆ ಕೊಡಿ. ಬಿಗಿ ಸ್ನಾಯು ದುರ್ಬಲವೂ ಹೌದು. ಪಾದ ಪೂರ್ತಿ ನೆಲ ಮುಟ್ಟುವ ಎತ್ತರದ ಸ್ಟೂಲಿನಿಂದ ಎದ್ದು ಕೂರಿಸಿ: 8–10 ಸಲ, ಮೂರು ಸುತ್ತು, ನಡುವೆ ಒಂದೆರಡು ನಿಮಿಷ ವಿಶ್ರಾಂತಿ. ಕೂರುವಾಗ ಮೂರು ಎಣಿಸುತ್ತಾ ನಿಧಾನ. ಕೈ ಹಿಡಿದು ಮೇಲಕ್ಕೆ ಎಳೆಯಬೇಡಿ, ಮೈ ಹಿಂದಕ್ಕೆ ವಾಲಿ ಕಾಲು ಸೆಟೆದು ಮತ್ತೆ ತುದಿಗಾಲೇ. ಆಟಿಕೆಯನ್ನು ಎದುರಿಗೆ, ತಗ್ಗಿನಲ್ಲಿ ಹಿಡಿಯಿರಿ. ಮೂಗು ಕಾಲ್ಬೆರಳಿನ ನೇರಕ್ಕೆ ಬಂದ ಮೇಲೆ ತಾನೇ ಎದ್ದೇಳುತ್ತಾಳೆ. ಸುಲಭವಾದಾಗ ಬೆನ್ನಿನ ಚೀಲಕ್ಕೆ ಅರ್ಧ ಕಿಲೋ ಅಕ್ಕಿ ಹಾಕಿ. ತೂಕ ಹಾಕಿದ ಮೇಲೆ ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ.

ಪುಟ್ಟಿಯ ಅಮ್ಮ:
ಧನ್ಯವಾದ. ನಾನು ಮಲಗಿಸಿಯೇ ಹಾಕುತ್ತಿದ್ದೆ. ಪಕ್ಕದ ಮನೆಯವರು ಚಕ್ರದ ಬೇಬಿ ವಾಕರ್ ಕೊಡುತ್ತೇವೆ ಅಂದಿದ್ದಾರೆ, ತರಲಾ? ಸೊಂಟದ ಎಕ್ಸ್‌ರೇ ಎರಡನೇ ವರ್ಷದಲ್ಲಿ ತೆಗೆಸಿದ್ದು.

ಮಕ್ಕಳ ಫಿಸಿಯೋ:
ಬೇಬಿ ವಾಕರ್ ಬೇಡವೇ ಬೇಡ. ಮಗು ಅದರಲ್ಲಿ ನೇತಾಡುತ್ತಾ ತುದಿಗಾಲಲ್ಲಿ ನೆಲ ತಳ್ಳುತ್ತದೆ. ಬೆನ್ನ ಹಿಂದೆ ಬರುವ ರಿವರ್ಸ್ ವಾಕರ್ ನೋಡಿ, ಹಿಡಿ ಸೊಂಟದ ಮಟ್ಟದಲ್ಲಿ, ಮೊಣಕೈ ಸ್ವಲ್ಪ ಮಡಚಿರಬೇಕು.

ಎಕ್ಸ್‌ರೇ ತಡವಾಗಿದೆ, ಈ ತಿಂಗಳೇ ತೆಗೆಸಿ. ಜಿಎಂಎಫ್‌ಸಿಎಸ್ 3, 4, 5ನೇ ಹಂತದ ಮಕ್ಕಳಿಗೆ 6–12 ತಿಂಗಳಿಗೊಮ್ಮೆ ಬೇಕು. ಸೊಂಟದ ಕೀಲು ನೋವೇ ಇಲ್ಲದೆ ಮೆಲ್ಲಗೆ ಜಾರುತ್ತದೆ. ತೆಗೆಯುವಾಗ ಎರಡೂ ಕಾಲು ಸಮ, ಮಂಡಿಚಿಪ್ಪು ಮೇಲ್ಮುಖ. ಮೈಗ್ರೇಷನ್ ಪರ್ಸೆಂಟೇಜ್ (ತೊಡೆಮೂಳೆಯ ತಲೆ ಕೀಲಿನ ಗುಳಿಯಿಂದ ಶೇಕಡಾ ಎಷ್ಟು ಹೊರಬಂದಿದೆ ಎಂಬುದು) ಅಳೆದು ಬರೆಯಲು ಹೇಳಿ, ಶೇ. 30 ದಾಟಿದರೆ ಮಕ್ಕಳ ಮೂಳೆ ವೈದ್ಯರನ್ನು ಕಾಣಿ.

ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕು:
ಅಕ್ಕ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆಯಾ? ಇಲ್ಲದಿದ್ದರೆ ಮೊದಲು ಅದು. ಆಮೇಲೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ, 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸೇರುತ್ತದೆ, ಬಿಲ್ಲುಗಳ ಮೂಲಪ್ರತಿ ಜೋಪಾನವಾಗಿಡಿ. ವಾಕರ್ ಕೊಳ್ಳುವ ಮೊದಲು ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಎಡಿಪ್ ಶಿಬಿರ ಯಾವಾಗ ಎಂದು ವಿಚಾರಿಸಿ. ಪಂಚಾಯ್ತಿಯ ವಿಆರ್‌ಡಬ್ಲ್ಯೂಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಗೊತ್ತಿರುತ್ತದೆ. ಶಾಲೆಗೆ ಸೇರಿಸಿದ ಮೇಲೆ ಬ್ಲಾಕ್‌ನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ) ಶಿಕ್ಷಕರನ್ನು ಭೇಟಿ ಮಾಡಿ, ಸಮಗ್ರ ಶಿಕ್ಷಣ ಯೋಜನೆಯಲ್ಲಿ ಫಿಸಿಯೋಥೆರಪಿಗೂ ಅವಕಾಶವಿದೆ. ಎಲ್ಲಿಗೆ ಹೋಗುವಾಗಲೂ ಎಎಫ್‌ಒವನ್ನೂ ಬೂಟನ್ನೂ ಜೊತೆಗೇ ಒಯ್ಯಿರಿ.