ಭತ್ತ ಕೊಯ್ದ ಗದ್ದೆಯಲ್ಲಿ ತರಕಾರಿ: ಮೊದಲು ಸುಣ್ಣ, ಆಮೇಲೆ ಬೀಜ

ಪ್ರಶ್ನೆ (ಪೊನ್ನಂಪೇಟೆ ಕಡೆಯಿಂದ): ನಮಸ್ಕಾರ ಸರ್. ಭತ್ತ ಕೊಯ್ದು ಆಯ್ತು. ಮನೆ ಹತ್ತಿರದ ಗದ್ದೆಯಲ್ಲಿ 5 ಸೆಂಟ್ ಜಾಗಕ್ಕೆ ಟೊಮೆಟೊ, ಬೆಂಡೆ, ಬೀನ್ಸ್, ಸೌತೆ ಹಾಕಬೇಕು ಅಂತಿದ್ದೇವೆ. ತೋಡಿನಲ್ಲಿ ಏಪ್ರಿಲ್‌ವರೆಗೆ ನೀರಿರುತ್ತೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಮಣ್ಣಿನ ಹುಳಿ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.1 ಬಂದಿದೆ. ಜನವರಿಯಲ್ಲೇ ಬೀಜ ಹಾಕಬಹುದಾ?

ಉತ್ತರ (ತೋಟಗಾರಿಕೆ ತಜ್ಞರು): ನಮಸ್ಕಾರ. ಮಣ್ಣು ಪರೀಕ್ಷೆ ಮಾಡಿಸಿದ್ದು ತುಂಬಾ ಒಳ್ಳೆಯದಾಯ್ತು. ನಮ್ಮ ಕೊಡಗಿನ ಮಳೆಗೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಹೋಗುತ್ತೆ. ಪಿಎಚ್ 5ರ ಆಸುಪಾಸಿಗೆ ಇಳಿದರೆ ನೀವು ಹಾಕಿದ ರಂಜಕವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸಿಗುವುದಿಲ್ಲ. ಹಾಗಾಗಿ ಹುಳಿ ತಗ್ಗಿಸಲು ಮೊದಲು ಸುಣ್ಣ. 5 ಸೆಂಟ್ ಅಂದರೆ ಸುಮಾರು 200 ಚದರ ಮೀಟರ್. ಚದರ ಮೀಟರಿಗೆ 200 ಗ್ರಾಂ ಲೆಕ್ಕದಲ್ಲಿ 40 ಕೆ.ಜಿ. ಕೃಷಿ ಸುಣ್ಣ ಅಥವಾ ಡಾಲಮೈಟ್ (ಮೆಗ್ನೀಸಿಯಂ ಕೂಡ ಇರುವ ಸುಣ್ಣದ ಪುಡಿ) ಸಾಕು. ಆರು ಇಂಚು ಆಳಕ್ಕೆ ಬೆರೆಸಿ, ನೀರು ಕೊಟ್ಟು, 15-20 ದಿನ ಬಿಡಿ. ಅದರ ಜೊತೆಗೇ ಯೂರಿಯಾ, ಹಸಿ ಸಗಣಿ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ.

ಅಗೆಯುವ ಮುಂಚೆ ಮಣ್ಣಿನ ಹದ ನೋಡಿ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಒತ್ತಿ. ಪುಡಿಯಾದರೆ ಸರಿ, ಚಪ್ಪಟೆಯಾಗಿ ಬೆರಳಿಗೆ ಅಂಟಿದರೆ ಇನ್ನೆರಡು ದಿನ ಕಾಯಿರಿ. ಹಸಿಯಲ್ಲಿ ಟಿಲ್ಲರ್ ಹೊಡೆದರೆ ಹೆಂಟೆಗಳು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಆ ಬೆಳೆ ಮುಗಿಯುವವರೆಗೂ ಒಡೆಯುವುದಿಲ್ಲ. ಮಡಿ 3 ಅಡಿ ಅಗಲ, ಮುಕ್ಕಾಲು ಅಡಿ ಎತ್ತರ, ನಡುವೆ ಒಂದೂವರೆ ಅಡಿ ಕಾಲುವೆ ಇರಲಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಜೋರಾಗಿ ಬಂದರೆ ತಗ್ಗು ಗದ್ದೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತೆ.

ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಟನ್ ಬೇಕು. ಅದರಲ್ಲಿ 90 ಕೆ.ಜಿ. ಬೇರೆ ತೆಗೆದು, 10 ಕೆ.ಜಿ. ಬೇವಿನ ಹಿಂಡಿ, 1 ಕೆ.ಜಿ. ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ ನೆರಳಲ್ಲಿ ರಾಶಿ ಹಾಕಿ. ಗೋಣಿ ಮುಚ್ಚಿ, ತೇವ ಆರದಂತೆ ನೋಡಿಕೊಂಡು, ವಾರಕ್ಕೊಮ್ಮೆ ತಿರುವಿ. ಸುಣ್ಣಕ್ಕೆ ಕಾಯುವ ದಿನಗಳಲ್ಲೇ ಇದೂ ತಯಾರಾಗುತ್ತೆ. ನಾಟಿ ಗುಂಡಿಗೆ ಒಂದೊಂದು ಹಿಡಿ ಹಾಕಿ.

ಟೊಮೆಟೊ ಬೀಜ ಈಗಲೇ ಟ್ರೇಗೆ ಹಾಕಿ, 25-30 ದಿನಕ್ಕೆ ಸಸಿ ನಾಟಿಗೆ ಬರುತ್ತೆ, ಅಷ್ಟರಲ್ಲಿ ಮಡಿಯೂ ಸಿದ್ಧ. ಅಂತರ 60 x 45 ಸೆಂ.ಮೀ. ಸುಣ್ಣದ ಅವಧಿ ಮುಗಿದ ಕೂಡಲೇ ಪೊದೆ ಬೀನ್ಸ್ ಬಿತ್ತಿ (45 x 15), ಬೇಗ ಮುಗಿಯುವ ಬೆಳೆ, ನೀರಿನ ಚಿಂತೆ ಕಡಿಮೆ. ಬೆಂಡೆ, ಸೌತೆಗೆ ಅವಸರ ಬೇಡ. ರಾತ್ರಿ ಚಳಿ ಇರುವಾಗ ಹಾಕಿದ ಬೀಜ ಮೊಳೆಯದೆ ಮಣ್ಣಲ್ಲೇ ಕೊಳೆಯುತ್ತೆ. ಫೆಬ್ರವರಿ ಎರಡನೇ ವಾರದ ನಂತರ, ಬೀಜವನ್ನು ರಾತ್ರಿಯಿಡೀ ನೆನೆಸಿ ಬಿತ್ತಿ.

ಪ್ರಶ್ನೆ (ಸೋಮವಾರಪೇಟೆಯಿಂದ): ಸರ್, ನಮ್ಮದು ಶುಂಠಿ ಕಿತ್ತ ಜಾಗ. ಹೋದ ವರ್ಷ ಟೊಮೆಟೊ ಗಿಡ ಹಸಿರಾಗಿದ್ದ ಹಾಗೇ ಬಾಡಿ ಹೋಯಿತು. ನೀರು ಕಡಿಮೆಯಾಗಿತ್ತಾ?

ಉತ್ತರ: ನೀರಲ್ಲಣ್ಣ, ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಲಕ್ಷಣ. ಮತ್ತೆ ಕಂಡರೆ ಹೀಗೆ ಖಚಿತಪಡಿಸಿಕೊಳ್ಳಿ: ಬಾಡಿದ ಗಿಡದ ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿದರೆ ಅದೇ ರೋಗ. ಶುಂಠಿಯನ್ನೂ ಟೊಮೆಟೊ, ಬದನೆ, ಮೆಣಸಿನಕಾಯಿಯನ್ನೂ ಹಿಡಿಯುವುದು ಒಂದೇ ಜಾತಿಯ ದುಂಡಾಣು, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ರೋಗ ಬಂದ ಮೇಲೆ ಸಿಂಪಡಣೆಗೆ ದುಡ್ಡು ಹಾಕಬೇಡಿ. ಆ ಗಿಡವನ್ನು ಮಣ್ಣಿನ ಸಮೇತ ಕಿತ್ತು ಹೊರಗೆ ಸಾಗಿಸಿ. ಅಲ್ಲಿ ಬಳಸಿದ ಗುದ್ದಲಿ ತೊಳೆಯದೆ ಬೇರೆ ಮಡಿಗೆ ತರಬೇಡಿ. ಮಡಿಯಿಂದ ಮಡಿಗೆ ಹರಿಯುವ ನೀರೂ ರೋಗ ಒಯ್ಯುತ್ತೆ. ಈ ಸಲ ಅಲ್ಲಿ ಬೀನ್ಸ್, ಅಲಸಂದೆ, ಬೆಂಡೆ ಹಾಕಿ. ಟೊಮೆಟೊ ಬೇಕೇ ಬೇಕು ಅಂದರೆ ಬೇರೆ ಮಡಿಯಲ್ಲಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಿ. ಎಲೆಮುರುಟು ನಂಜು, ಸೊರಗು, ಎಲೆಚುಕ್ಕೆ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುತ್ತೆ.

ಪ್ರಶ್ನೆ (ಪೊನ್ನಂಪೇಟೆಯವರೇ): ಹೊದಿಕೆಗೆ ತೋಟದ ಸಿಲ್ವರ್ ಓಕ್ ಎಲೆ ಆಗುತ್ತಾ ಸರ್?

ಉತ್ತರ: ಆಗುತ್ತೆ, ಆದರೆ ಬೇಗ ಕಳಿಯುವುದಿಲ್ಲ. ನಿಮ್ಮಲ್ಲಿ ಭತ್ತದ ಹುಲ್ಲೇ ಇದೆಯಲ್ಲ, ಮೂರು ಇಂಚು ದಪ್ಪ ಹೊದಿಸಿ, ಬುಡದಿಂದ ಎರಡು ಇಂಚು ಬಿಟ್ಟು. ಗೆದ್ದಲು ಕಂಡರೆ ಅಲ್ಲಿ ಮಾತ್ರ ಹುಲ್ಲು ಸರಿಸಿ ಬೇವಿನ ಹಿಂಡಿ ಹಾಕಿ.