ಸಹಾಯ ಬೇಕು: ಮಿನ್ನಿಯಾಪೊಲಿಸ್ ಚಳಿಗೆ ತಡೆಯುವ, ಪರಿಸರಕ್ಕೂ ಒಳ್ಳೆಯದಾದ ಡೆಕ್

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ನಮ್ಮ ಹಿತ್ತಲಿನ ಹಳೇ ಡೆಕ್ (ಕಂಬಗಳ ಮೇಲೆ ಹಲಗೆ ಹಾಸಿದ ಜಗಲಿ) ತೆಗೆದು ಹೊಸದು ಕಟ್ಟಿಸಬೇಕು. ಹಳೆಯದರ ಒಂದು ಮೂಲೆ ಚಳಿಗಾಲದಲ್ಲಿ ಮೇಲೆದ್ದು ಹಿಂಬಾಗಿಲು ಹಲಗೆಗೆ ಉಜ್ಜುತ್ತದೆ. ಮಣ್ಣಿನ ನೀರು ಹೆಪ್ಪುಗಟ್ಟಿ ಕಂಬವನ್ನೇ ಎತ್ತುತ್ತಿದೆ. ಹಾಗಾಗದಂತೆ ಇಲ್ಲಿ ಅಡಿಪಾಯ 42 ಇಂಚು ಆಳಕ್ಕೆ, ಹೆಪ್ಪುಗಟ್ಟುವ ಮಣ್ಣಿಗಿಂತ ಕೆಳಕ್ಕೆ, ಹೋಗಬೇಕು. ಅಷ್ಟು ಕಾಂಕ್ರೀಟ್ ಸುರಿಯಲು ಮನಸ್ಸಿಲ್ಲ, ಸಿಮೆಂಟ್ ತಯಾರಿಕೆಯಿಂದ ಬರುವ ಇಂಗಾಲ ಕಡಿಮೆಯೇನಲ್ಲ. ಅದಕ್ಕೇ ಹೆಲಿಕಲ್ ಪೈಲ್, ಅಂದರೆ ಸ್ಕ್ರೂ ಥರ ನೆಲಕ್ಕೆ ಇಳಿಸುವ ಉಕ್ಕಿನ ಕಂಬ ನೋಡುತ್ತಿದ್ದೇನೆ. ಗುಂಡಿ ತೋಡುವುದು ಬೇಡ, ಬೇಡವಾದಾಗ ತಿರುಗಿಸಿ ತೆಗೆಯಲೂಬಹುದು. ಜೇಡಿಮಣ್ಣಿನಲ್ಲಿ ಇದನ್ನು ಹಾಕಿಸಿದವರು ಇದ್ದೀರಾ? ಕೆಲವು ವರ್ಷದ ಮೇಲೂ ಮಟ್ಟ ಸರಿಯಾಗಿ ನಿಂತಿದೆಯಾ?

ಹಲಗೆಯದೇ ದೊಡ್ಡ ಗೊಂದಲ. ಪ್ಲಾಸ್ಟಿಕ್ ಮತ್ತು ಮರದ ಪುಡಿ ಸೇರಿಸಿದ ಕಾಂಪೊಸಿಟ್ ಬಾಳಿಕೆ ಬರುತ್ತದೆ, ಆದರೆ ಹಳತಾದ ಮೇಲೆ ಮರುಬಳಕೆ ಕಷ್ಟ. ಸೀಡರ್ ಮರವಾದರೆ ದೂರದ ಪಶ್ಚಿಮ ಕರಾವಳಿಯಿಂದ ಬರಬೇಕು. ನನಗೆ ಜಾಸ್ತಿ ಇಷ್ಟವಾಗಿದ್ದು ಶಾಖದಲ್ಲಿ ಹದ ಮಾಡಿದ ಆ್ಯಶ್ ಮರ. ಅದಕ್ಕೆ ರಾಸಾಯನಿಕ ಬೇಕಿಲ್ಲ, ನೀರೂ ಅಷ್ಟಾಗಿ ಹೀರುವುದಿಲ್ಲ. ಎಮರಾಲ್ಡ್ ಆ್ಯಶ್ ಬೋರರ್ ಹುಳದ ಕಾಟಕ್ಕೆ ಈ ಊರಲ್ಲಿ ಎಷ್ಟೋ ಆ್ಯಶ್ ಮರಗಳನ್ನು ಕಡಿಯುತ್ತಿದ್ದಾರೆ. ಅವು ಸುಮ್ನೆ ಚೂರಾಗುವ ಬದಲು ಹಲಗೆಯಾದರೆ ಒಳ್ಳೆಯದಲ್ವಾ? ಇಂಥ ಸ್ಥಳೀಯ ಹಲಗೆ ಎಲ್ಲಿ ಸಿಗುತ್ತದೆ? ಸಲಿಕೆಯಿಂದ ಹಿಮ ತೆಗೆಯುವಾಗ ಸೀಳುತ್ತದೆಯಾ? ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ, ಫೋಟೋ ಇದ್ದರೆ ಹಾಕಿ. ನೆಲ ಹೆಪ್ಪುಗಟ್ಟುವ ಮೊದಲೇ ಕಂಬಗಳನ್ನು ಇಳಿಸಬೇಕೆಂದಿದ್ದೇವೆ.