ಪದ ಬೇಕು: ಪೆನ್ಸಿಲ್ ಸ್ಥಿರಚಿತ್ರದ ಎರಡು ನೆರಳು

ಬೆಳಗಾವಿಯಿಂದ:
ಪ್ರದರ್ಶನದ ಫಲಕ ನಾಳೆ ಮುಂಜಾನೆ ಅಚ್ಚಿಗೆ ಹೋಗಬೇಕು. ಸ್ಥಿರಚಿತ್ರ, ಅಂದರೆ ಅಲುಗದ ವಸ್ತು ಮುಂದಿಟ್ಟು ಬರೆದ ಚಿತ್ರ. ಅದರಾಗ ಮಣ್ಣಿನ ಗಡಿಗೆ, ಎರಡು ಉಳ್ಳಾಗಡ್ಡಿ, ಕೆಳಗೆ ಬಿಳಿ ಅರಿವೆ. ಬೆಳಕು ಎಡಗಡೆ ಕಿಟಕಿಯಿಂದ. ಬಣ್ಣ ಇಲ್ಲ. ಗಡಿಗೆಯ ಬಲಮೈಯ ಕಪ್ಪಿಗೂ ಅರಿವೆ ಮ್ಯಾಲಿನ ಕಪ್ಪಿಗೂ ‘ನೆರಳು’ ಅಂತ ಬರೆದರೆ ನೋಡುವವರಿಗೆ ಗೊಂದಲ. ಬೇರೆ ಬೇರೆ ಪದ ಹೇಳ್ರಿ. ಬಲ ಅಂಚಿಗೆ ಅರಿವೆಯಿಂದ ಪುಟಿದು ಬಂದ ಮಂದ ಬೆಳಕಿಗೂ ಒಂದು ಬೇಕು.

ವಿಜಯಪುರದಿಂದ:
ಮೈನೆರಳು, ಬೀಳುನೆರಳು, ಮರುಬೆಳಕು. ದುಂಡನೆಯ ಗಡಿಗೆಯ ಮೇಲೆ ಮೈನೆರಳು ಮೆಲ್ಲಗೆ ಗಾಢವಾಗುತ್ತದೆ. ಅದರ ಕಡುಗಪ್ಪು ಅಂಚಿನಲ್ಲಲ್ಲ, ತುಸು ಒಳಗೆ. ಬೀಳುನೆರಳು ಗಡಿಗೆ ಕುಂತಲ್ಲಿ ಅತಿ ಕಪ್ಪು, ಅಂಚೂ ಹರಿತ. ಕಿಟಕಿ ಅಗಲವಾದ್ದರಿಂದ ದೂರ ಹೋದಷ್ಟೂ ಅಂಚು ಮಸುಕಾಗುತ್ತದೆ. ಮರುಬೆಳಕು ನೆರಳಿನದೇ ಭಾಗ. ಕಲಿಯುವವರು ಎಡವುವುದು ಇಲ್ಲೇ: ರಬ್ಬರಿನಿಂದ ಅದನ್ನು ಬೆಳಕಿನ ಬದಿಯಷ್ಟೇ ತಿಳಿ ಮಾಡುತ್ತಾರೆ, ಗಡಿಗೆಯ ದುಂಡುತನ ಕೆಡುತ್ತದೆ. ಕಣ್ಣು ಅರೆಮುಚ್ಚಿ ನೋಡಿರಿ. ಅದು ನೆರಳಿನೊಳಗೆ ಕರಗಬೇಕು.

ಬಾಗಲಕೋಟೆಯಿಂದ:
‘ಬೀಳುನೆರಳು’ ತಪ್ಪು. ಹಳಗನ್ನಡದ ನೆೞಲ್ ಎಂದರೆ ಬಿದ್ದದ್ದೇ. ಗಿಡದ ನೆಳ್ಳಾಗ ಕುಂತೆವು ಅನ್ನುವ ನಮ್ಮ ನೆಳ್ಳು ಅದರ ಮಗಳು. ಅರಿವೆ ಮೇಲಿನದು ಬರೀ ನೆರಳು, ಮೈಮೇಲಿನದು ಮಬ್ಬು. ಛಾಯೆ ತರಬೇಡಿರಿ. ‘ಸ್ಥಿರಚಿತ್ರ’ವನ್ನೂ ತೆಗೆಯಿರಿ, ಅದು ಮರಾಠಿ ಚಿತ್ರಕಲಾ ಪರೀಕ್ಷೆಯ ಪದ.

ವಿಜಯಪುರದಿಂದ:
ಮಬ್ಬು ಅಂದರೆ ಅಸ್ಪಷ್ಟ. ಚಿತ್ರದ ಕಡುಗಪ್ಪಿಗೆ ಆ ಹೆಸರು ಒಪ್ಪದು. ಮೈನೆರಳು ಬೆಳಕಿಗೆ ಬೆನ್ನು ಹಾಕಿದ ಮೈ, ಬೀಳುನೆರಳು ಗಡಿಗೆ ಬೆಳಕು ತಡೆದ ಜಾಗ. ಎರಡೂ ನೆರಳೇ, ಅದಕ್ಕೇ ಮುಂದೊಂದು ಪದ ಬೇಕು.

ಜಮಖಂಡಿಯಿಂದ:
ಛಾಯೆ ಬೇಡ ಅನ್ನುವುದು ಸರಿ, ಕಾರಣ ಬಾಗಲಕೋಟೆಯವರು ಹೇಳಲಿಲ್ಲ. ಬಣ್ಣದ ಏರಿಳಿತಕ್ಕೂ ಛಾಯೆ ಅನ್ನುತ್ತೇವೆ, ಛಾಯಾಚಿತ್ರ ಫೋಟೋ ಆಗಿ ಕುಂತದೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆ ಕುರಿತ ಭಾಗವಾದ ಚಿತ್ರಸೂತ್ರ ನೆರಳು ತುಂಬುವ ಕೆಲಸಕ್ಕೆ ವರ್ತನಾ ಎಂದು ಮೂರು ಬಗೆ ಹೇಳುತ್ತದೆ. ಚುಕ್ಕಿಯಿಂದ ತುಂಬಿದ್ದು ಬಿಂದುಜ. ಆದರೆ ಫಲಕ ಓದುವವರಿಗೆ ವರ್ತನೆ ಅಂದರೆ ನಡತೆ, ಹಾಗಾಗಿ ಅದೂ ಬೇಡ. ಮಹಾರಾಷ್ಟ್ರದ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಯಲ್ಲಿ ವಸ್ತುಚಿತ್ರ, ಇಂಟರ್‌ಮೀಡಿಯಟ್‌ನಲ್ಲಿ ಸ್ಥಿರಚಿತ್ರ ಇರುವುದು ನಿಜ. ಎರಡೂ ಸಂಸ್ಕೃತ, ಮರಾಠಿಯ ಸ್ವತ್ತಲ್ಲ. ಮರಾಠಿ ಬಳಸಿತೆಂದು ಬಿಡುತ್ತ ಹೋದರೆ ‘ಚಿತ್ರ’ವನ್ನೂ ಬಿಡಬೇಕಾಗುತ್ತದೆ.